ಕಿಡ್ನಿ ಕಸಿಯ ಮಾತ್ರೆ ಮತ್ತು ಮಧ್ಯಾಹ್ನದ ಶುಗರ್

ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದ ಕಾಫಿ ಬೆಳೆಗಾರರು. ನಮ್ಮ ಯಜಮಾನರಿಗೆ 48 ವರ್ಷ, ತೂಕ 60 ಕೆ.ಜಿ. ಐದು ತಿಂಗಳ ಹಿಂದೆ ಮೈಸೂರಿನಲ್ಲಿ ಕಿಡ್ನಿ ಕಸಿ ಆಯಿತು. ಅದಕ್ಕೆ ಮೊದಲು ಶುಗರ್ ಇರಲಿಲ್ಲ. ಈಗ ಟ್ಯಾಕ್ರೊಲಿಮಸ್ ದಿನಕ್ಕೆ ಎರಡು ಸಲ, ಮೈಕೊಫಿನೊಲೇಟ್, ಬೆಳಿಗ್ಗೆ ಪ್ರೆಡ್ನಿಸೊಲೋನ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಾರೆ. ಖಾಲಿಹೊಟ್ಟೆಯ ಶುಗರ್ 104, ಎಚ್‌ಬಿಎ1ಸಿ 5.9 ಬಂದಿದೆ. ಆದರೆ ಬೇರೇನೋ ಪರೀಕ್ಷೆಗೆಂದು ಮಧ್ಯಾಹ್ನ 3 ಗಂಟೆಗೆ ರಕ್ತ ಕೊಟ್ಟಾಗ 268 ಇತ್ತು. ಯಾವುದನ್ನು ನಂಬಬೇಕು? ಮಾತ್ರೆಯಿಂದಲೇ ಏರಿದ್ದಾದರೆ ಟ್ಯಾಕ್ರೊಲಿಮಸ್ ಅರ್ಧ ಮಾಡಬಹುದೇ? ಅಮೃತಬಳ್ಳಿ ಕಷಾಯ ಕುಡಿಸಿ, ತೋಟದ ಚಕ್ಕೋತ ತಿನ್ನಿಸಿ ಅನ್ನುವವರೂ ಇದ್ದಾರೆ. ಇದು ಇನ್ನು ಜೀವನಪೂರ್ತಿ ಇರುತ್ತದೆಯೇ?

ಉತ್ತರ: ಮೊದಲು ತಡಮಾಡಬಾರದ ಮಾತು. ಟ್ಯಾಕ್ರೊಲಿಮಸ್ ಅರ್ಧ ಮಾಡಬೇಡಿ, ಒಂದು ಹೊತ್ತಿನದ್ದೂ ಬಿಡಬೇಡಿ. ಏರಿದ ಶುಗರನ್ನು ಇಳಿಸಲು ಹತ್ತು ದಾರಿಗಳಿವೆ. ಮಾತ್ರೆ ಕಡಿಮೆಯಾಗಿ ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದರೆ ಆದ ಗಾಯವನ್ನು ಪೂರ್ತಿ ಹಿಂದಕ್ಕೆ ತರುವ ದಾರಿ ಎಷ್ಟೋ ಸಲ ಇರುವುದಿಲ್ಲ. ಕಷಾಯ ನಿಲ್ಲಿಸಿ, ಚಕ್ಕೋತ ಮನೆಯೊಳಗೆ ತರಬೇಡಿ. ಎರಡಕ್ಕೂ ಕಾರಣ ಮುಂದೆ ಇದೆ.

ಇನ್ನು ಆ ಮೂರು ಅಂಕಿಗಳು. ಒಂದಕ್ಕೊಂದು ಹೊಂದದಂತೆ ಕಂಡರೂ ಮೂರೂ ಒಂದೇ ಕತೆಯನ್ನು ಹೇಳುತ್ತಿವೆ. ಅದು ಅರ್ಥವಾಗಬೇಕಾದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಒಂದು ದಿನದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕು.

ಬೆಳಿಗ್ಗೆ 8 ಗಂಟೆಗೆ ನುಂಗಿದ ಸ್ಟೀರಾಯ್ಡ್ ಮಾತ್ರೆ ಆಗಲೇ ಶುಗರ್ ಏರಿಸುವುದಿಲ್ಲ. ಅದು ಜೀವಕೋಶದ ಒಳಗೆ ಹೋಗಿ ಕೆಲಸ ಶುರು ಮಾಡಲು ನಾಲ್ಕು ಗಂಟೆಯಾದರೂ ಬೇಕು. ಯಕೃತ್ತಿಗೆ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡು ಎನ್ನುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತದೆ. ಇದರ ಜೋರು ಮಧ್ಯಾಹ್ನದಿಂದ ಸಂಜೆಯವರೆಗೆ. ಅಷ್ಟರಲ್ಲಿ ಒಂದೂವರೆಗೆ ಊಟವೂ ಆಗಿರುತ್ತದೆ, ಅನ್ನವೋ ಕಡಂಬುಟ್ಟೋ ಹೊಟ್ಟೆಯಲ್ಲಿ ಕರಗುತ್ತಿರುತ್ತದೆ. ಎರಡೂ ಸೇರಿ 3 ಗಂಟೆಗೆ 268. ರಾತ್ರಿಯಾದಂತೆ ಸ್ಟೀರಾಯ್ಡಿನ ಹಿಡಿತ ಸಡಿಲವಾಗುತ್ತದೆ. ಬೆಳಗಿನ ಜಾವಕ್ಕೆ ಶುಗರ್ ಹೆಚ್ಚುಕಡಿಮೆ ಮಾಮೂಲಿಗೆ ಬಂದಿರುತ್ತದೆ. ಆರೂವರೆಗೆ ಲ್ಯಾಬಿನವರು ರಕ್ತ ತೆಗೆದರೆ 104. ಸಾಮಾನ್ಯ ಮಧುಮೇಹವನ್ನು ಖಾಲಿಹೊಟ್ಟೆಯ ಪರೀಕ್ಷೆ ಬಹುಮಟ್ಟಿಗೆ ಹಿಡಿಯುತ್ತದೆ, ಆದರೆ ಕಸಿಯ ನಂತರದ ಶುಗರನ್ನು ಹಿಡಿಯಲು ಅದು ತೀರಾ ದುರ್ಬಲ ಪರೀಕ್ಷೆ. ಖಾಲಿಹೊಟ್ಟೆಯ ಅಂಕಿಯೊಂದನ್ನೇ ನೋಡಿ ನೆಮ್ಮದಿಪಟ್ಟು ತಿಂಗಳುಗಟ್ಟಲೆ ಕಳೆದುಹೋಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಎಚ್‌ಬಿಎ1ಸಿ 5.9 ಬಂದದ್ದಕ್ಕೂ ಕಾರಣವಿದೆ. ಆ ಪರೀಕ್ಷೆ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಕಣ ಎರಡು ಮೂರು ತಿಂಗಳು ರಕ್ತದಲ್ಲಿ ಸುತ್ತಿದ್ದರೆ ಮಾತ್ರ ಸರಾಸರಿ ಸರಿಯಾಗಿ ಸಿಗುತ್ತದೆ. ಹೊಸ ಕಿಡ್ನಿ ಕೆಲಸ ಶುರು ಮಾಡಿದೊಡನೆ ರಕ್ತ ಹುಟ್ಟಿಸುವ ಹಾರ್ಮೋನು ಮತ್ತೆ ಬರುತ್ತದೆ, ಎಳೆಯ ಕಣಗಳು ತುಂಬಿಕೊಳ್ಳುತ್ತವೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಇನ್ನೂ ಸಮಯ ಸಿಕ್ಕಿರುವುದಿಲ್ಲ. ನಡುವೆ ರಕ್ತ ಹಾಕಿಸಿಕೊಂಡಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಅದಕ್ಕೇ ಕಸಿಯಾದ ಮೊದಲ ಮೂರು ತಿಂಗಳು ಈ ಪರೀಕ್ಷೆಯನ್ನು ನೆಚ್ಚುವುದಿಲ್ಲ. ಆಮೇಲೂ 6.5 ದಾಟಿದರೆ ಮಧುಮೇಹ ಇದೆ ಎನ್ನಬಹುದು, ದಾಟಲಿಲ್ಲ ಅಂದಮಾತ್ರಕ್ಕೆ ಇಲ್ಲ ಎನ್ನುವಂತಿಲ್ಲ. ಜೊತೆಗೆ ನಿಮ್ಮ ಯಜಮಾನರ ರಾತ್ರಿಯ ಒಳ್ಳೆಯ ಅಂಕಿ ಮಧ್ಯಾಹ್ನದ ಕೆಟ್ಟ ಅಂಕಿಯನ್ನು ಸರಾಸರಿಯಲ್ಲಿ ಮುಚ್ಚಿಹಾಕುತ್ತದೆ.

ಹಾಗಾದರೆ ಇದು ಮಧುಮೇಹವೇ? ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವುದು ಇದ್ದು 200 ದಾಟಿದ್ದರೆ ಹೌದು. ಲಕ್ಷಣವಿಲ್ಲದೆ ಒಂದೇ ಸಲ ದಾಟಿದ್ದರೆ ಇನ್ನೊಮ್ಮೆ ದೃಢಪಡಿಸಿಕೊಳ್ಳಬೇಕು. ಎಲ್ಲಕ್ಕಿಂತ ನಂಬಲರ್ಹವಾದದ್ದು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆ. ಅದರಲ್ಲಿ 200 ಅಥವಾ ಹೆಚ್ಚು ಬಂದರೆ ಕಸಿಯ ನಂತರದ ಮಧುಮೇಹ ಎನ್ನುತ್ತಾರೆ. ಅದಕ್ಕೂ ಮೊದಲು ಮನೆಯಲ್ಲೇ ಒಂದು ವಾರ ಮಾಡಬಹುದಾದ ಕೆಲಸವಿದೆ. ದಿನಕ್ಕೆ ಮೂರು ಸಲ, ಅಂದರೆ ಎದ್ದ ಕೂಡಲೇ, ಮಧ್ಯಾಹ್ನದ ಊಟ ಶುರು ಮಾಡಿ ಎರಡು ಗಂಟೆಗೆ, ಮತ್ತು ಸಂಜೆ ಕಾಫಿಗೆ ಮೊದಲು 5 ಗಂಟೆಯ ಸುಮಾರಿಗೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಪಕ್ಕದಲ್ಲಿ ಏನು ತಿಂದರು, ಪ್ರೆಡ್ನಿಸೊಲೋನ್ ಎಷ್ಟು ಗಂಟೆಗೆ ನುಂಗಿದರು ಎಂದೂ ಇರಲಿ. ಆ ಒಂದು ಹಾಳೆ ವೈದ್ಯರಿಗೆ ಒಂದು ಕಂತೆ ಲ್ಯಾಬ್ ರಿಪೋರ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊಡಗಿನ ಮಳೆಗಾಲದಲ್ಲಿ ಗ್ಲೂಕೋಮೀಟರ್ ಸ್ಟ್ರಿಪ್ಪಿನ ಬಗ್ಗೆ ವಿಶೇಷ ಎಚ್ಚರ ಬೇಕು. ಸ್ಟ್ರಿಪ್ಪಿನ ತುದಿಯಲ್ಲಿರುವ ಕಿಣ್ವ ತೇವಕ್ಕೆ ಕೆಡುತ್ತದೆ, ಕೆಟ್ಟ ಸ್ಟ್ರಿಪ್ ಹೆಚ್ಚೂ ತೋರಿಸಬಹುದು, ಕಡಿಮೆಯೂ ತೋರಿಸಬಹುದು. ಡಬ್ಬಿಯ ಮುಚ್ಚಳ ತೆಗೆದು, ಒಂದು ಸ್ಟ್ರಿಪ್ ಎಳೆದು, ಬೆರಳು ಚುಚ್ಚುವ ಮೊದಲೇ ಮುಚ್ಚಳ ಟಪ್ಪೆಂದು ಒತ್ತಿಬಿಡಿ. ಬೇರೆ ಡಬ್ಬಿಗೆ ಸುರಿಯಬೇಡಿ, ತೇವ ಹೀರುವ ಪದಾರ್ಥ ಇರುವುದು ಕಂಪನಿಯ ಡಬ್ಬಿಯಲ್ಲೇ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಕಿತ್ತಳೆ ಸುಲಿದ ಬೆರಳಿನಲ್ಲಿ ನೋಡಿದರೆ ಸಿಪ್ಪೆಯ ರಸದ ಸಕ್ಕರೆಯೇ 250 ತೋರಿಸೀತು. ಕೈ ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿಕೊಂಡು ಚುಚ್ಚಬೇಕು.

ಈಗ ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನ ಸೂಕ್ಷ್ಮಾಣುವಿನಲ್ಲಿ ಸಿಕ್ಕ ಔಷಧ ಇದು. ಹೆಸರಿನ ಮೊದಲ ಅಕ್ಷರವೂ ಅಲ್ಲಿಂದಲೇ ಬಂದದ್ದು. ಹೊಸ ಕಿಡ್ನಿಯ ಮೇಲೆ ದಾಳಿ ಮಾಡುವ ಟಿ ಕಣಗಳ ಒಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವಿದೆ. ಟ್ಯಾಕ್ರೊಲಿಮಸ್ ಅದನ್ನು ತಡೆದು ದಾಳಿಯ ಆಜ್ಞೆಯೇ ಹೊರಡದಂತೆ ಮಾಡುತ್ತದೆ. ತೊಂದರೆ ಏನೆಂದರೆ ಮೇದೋಜೀರಕ ಗ್ರಂಥಿಯ ಬೀಟಾ ಕಣಗಳೂ ಇನ್ಸುಲಿನ್ ತಯಾರಿಸಲು ಅದೇ ಕಿಣ್ವವನ್ನು ನೆಚ್ಚಿಕೊಂಡಿವೆ. ಅಲ್ಲೂ ತಡೆ ಬೀಳುತ್ತದೆ, ಇನ್ಸುಲಿನ್ ಉತ್ಪಾದನೆ ತಗ್ಗುತ್ತದೆ. ಅಂದರೆ ಸ್ಟೀರಾಯ್ಡ್ ಇನ್ಸುಲಿನ್ ಬೇಡಿಕೆಯನ್ನು ಹೆಚ್ಚಿಸುತ್ತದೆ, ಟ್ಯಾಕ್ರೊಲಿಮಸ್ ಪೂರೈಕೆಯನ್ನು ಕಡಿಮೆ ಮಾಡುತ್ತದೆ. ಎರಡೂ ಒಟ್ಟಿಗೆ ನಡೆಯುವ ಮೊದಲ ಆರು ತಿಂಗಳಲ್ಲೇ ಹೆಚ್ಚಿನವರಿಗೆ ಶುಗರ್ ಕಾಣಿಸಿಕೊಳ್ಳುವುದು ಇದರಿಂದ. ಜೊತೆಗೆ ಟ್ಯಾಕ್ರೊಲಿಮಸ್ ಮೂತ್ರದಲ್ಲಿ ಮೆಗ್ನೀಸಿಯಂ ಹೊರಹಾಕಿಸುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ಇನ್ಸುಲಿನ್ ಕೆಲಸ ಇನ್ನೂ ಮಂದವಾಗುತ್ತದೆ. ಮುಂದಿನ ರಕ್ತಪರೀಕ್ಷೆಯಲ್ಲಿ ಮೆಗ್ನೀಸಿಯಂ ಸೇರಿಸಿ ಎಂದು ಕೇಳಿ.

ಉಳಿದ ಔಷಧಗಳು ಬೇಗ ಹೇಳಿ ಮುಗಿಸುವಂಥವು. ಮೈಕೊಫಿನೊಲೇಟ್ ಮತ್ತು ಅಜಥಯೊಪ್ರಿನ್ ಶುಗರ್ ಏರಿಸುವುದಿಲ್ಲ. ಸೈಕ್ಲೊಸ್ಪೊರಿನ್ ಏರಿಸುತ್ತದೆ, ಆದರೆ ಟ್ಯಾಕ್ರೊಲಿಮಸ್‌ಗಿಂತ ಕಡಿಮೆ. ಸಿರೊಲಿಮಸ್, ಎವೆರೊಲಿಮಸ್ ಕೂಡ ಏರಿಸುತ್ತವೆ, ಹಾಗಾಗಿ ಶುಗರಿಗಾಗಿ ಅವುಗಳಿಗೆ ಬದಲಾಯಿಸಿ ಲಾಭವಿಲ್ಲ. ಕಿಡ್ನಿಯನ್ನು ದೇಹ ತಿರಸ್ಕರಿಸುವ ಸೂಚನೆ ಬಂದಾಗ ಮೂರು ದಿನ ಕೊಡುವ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ ಶುಗರನ್ನು 400ಕ್ಕೆ ಒಯ್ದರೂ ಆಶ್ಚರ್ಯವಿಲ್ಲ. ಆಗ ಇನ್ಸುಲಿನ್ ಕೊಟ್ಟು ದಾಟಿಸಬೇಕೇ ಹೊರತು ಆ ಔಷಧವನ್ನು ಬೇಡ ಎನ್ನುವಂತಿಲ್ಲ.

"ಡಯಾಲಿಸಿಸ್ ಮಾಡಿಸುವಾಗಲೂ ಇರದಿದ್ದ ಶುಗರ್ ಕಿಡ್ನಿ ಸರಿಯಾದ ಮೇಲೆ ಬಂತಲ್ಲ" ಎಂದು ಎಷ್ಟೋ ಮನೆಗಳಲ್ಲಿ ನೊಂದುಕೊಳ್ಳುತ್ತಾರೆ. ಇದಕ್ಕೆ ಮಾತ್ರೆಯೊಂದೇ ಕಾರಣವಲ್ಲ. ದೇಹದ ಇನ್ಸುಲಿನ್ನಿನ ಒಂದು ಪಾಲನ್ನು ಒಡೆದು ವಿಲೇವಾರಿ ಮಾಡುವುದು ಕಿಡ್ನಿ. ಹಳೆಯ ಕಿಡ್ನಿ ಕೆಟ್ಟಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತಿತ್ತು, ಇದ್ದ ಸಣ್ಣ ಕೊರತೆ ಮರೆಯಾಗಿತ್ತು. ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವುದರಿಂದಲೇ ಆ ಕೊರತೆ ಹೊರಗೆ ಬಿತ್ತು. ಹಸಿವು ಮರಳುತ್ತದೆ, ಪಥ್ಯ ಸಡಿಲವಾಗುತ್ತದೆ, ತೂಕ ಏರುತ್ತದೆ, ಅದೂ ಸೇರಿಕೊಳ್ಳುತ್ತದೆ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ವಯಸ್ಸು 45 ದಾಟಿದ್ದರೆ, ಹೆಪಟೈಟಿಸ್ ಸಿ ಸೋಂಕಿದ್ದರೆ ಸಾಧ್ಯತೆ ಹೆಚ್ಚು. ಹೆಪಟೈಟಿಸ್ ಸಿ ಈಗ ಮಾತ್ರೆಯಲ್ಲೇ ವಾಸಿಯಾಗುವ ಸೋಂಕು, ಆ ವರದಿ ಒಮ್ಮೆ ತೆಗೆದು ನೋಡಿ.

ಚಕ್ಕೋತದ ವಿಷಯಕ್ಕೆ ಬರೋಣ. ನಿಮ್ಮ ತೋಟದಲ್ಲಿ ನೆರಳಿನ ಮರಗಳ ನಡುವೆ ಒಂದೆರಡು ಚಕ್ಕೋತದ ಮರ ಇದ್ದೇ ಇರುತ್ತವೆ, ಅದಕ್ಕೇ ಇದನ್ನು ಒತ್ತಿ ಹೇಳಬೇಕು. ಟ್ಯಾಕ್ರೊಲಿಮಸ್ಸನ್ನು ಒಡೆಯುವ ಕಿಣ್ವ ಕರುಳಿನ ಗೋಡೆಯಲ್ಲಿದೆ. ನುಂಗಿದ ಔಷಧದ ದೊಡ್ಡ ಭಾಗ ಅಲ್ಲೇ ಒಡೆದುಹೋಗುತ್ತದೆ ಎಂಬ ಲೆಕ್ಕದಲ್ಲೇ ವೈದ್ಯರು ಪ್ರಮಾಣ ಗೊತ್ತು ಮಾಡಿರುತ್ತಾರೆ. ಚಕ್ಕೋತದ ತೊಳೆಯಲ್ಲಿರುವ ಕೆಲವು ರಾಸಾಯನಿಕಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಪರಿಣಾಮ ಒಂದು ದಿನಕ್ಕೂ ಮೀರಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಎಂದು ಅಂತರ ಇಟ್ಟರೂ ಪ್ರಯೋಜನವಿಲ್ಲ. ರಕ್ತದಲ್ಲಿ ಔಷಧ ಏರಿ ಕೈನಡುಕ ಬರುತ್ತದೆ, ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರುತ್ತದೆ, ಬೀಟಾ ಕಣಗಳ ಮೇಲಿನ ತಡೆ ಬಿಗಿಯಾಗಿ ಶುಗರೂ ಏರುತ್ತದೆ. ಶುಗರಿಗೆ ಒಳ್ಳೆಯದೆಂದು ತಿಂದ ಹಣ್ಣೇ ಶುಗರ್ ಏರಿಸುತ್ತದೆ. ಕೈಪುಳಿಯಂಥ ಕಹಿ ಕಿತ್ತಳೆಯನ್ನೂ ದೂರ ಇಡಿ. ಕೊಡಗಿನ ಕಿತ್ತಳೆಗೆ ಈ ದೋಷವಿಲ್ಲ, ದಿನಕ್ಕೊಂದು ಹಣ್ಣು ತೊಳೆ ತೊಳೆಯಾಗಿ ತಿನ್ನಲಿ, ರಸ ಹಿಂಡಿ ಕುಡಿಯುವುದು ಬೇಡ.

ಅಮೃತಬಳ್ಳಿಯನ್ನು ಜನ ಕುಡಿಯುವುದೇ ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು. ಇಲ್ಲಿ ಕಿಡ್ನಿ ಉಳಿದಿರುವುದೇ ಆ ಶಕ್ತಿಯನ್ನು ಮಾತ್ರೆಯಿಂದ ತಗ್ಗಿಸಿ ಇಟ್ಟಿರುವುದರಿಂದ. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಅಶ್ವಗಂಧಕ್ಕೂ ಇದೇ ಮಾತು. ಕೊಡವರ ಕಕ್ಕಡ ತಿಂಗಳ 18ರಂದು, ಆಗಸ್ಟ್ 3ರ ಸುಮಾರಿಗೆ ಮಾಡುವ ಮದ್ದುಸೊಪ್ಪಿನ ಪಾಯಸವನ್ನೂ ಅವರು ಬಿಡುವುದು ಒಳ್ಳೆಯದು. ಬೆಲ್ಲ, ತೆಂಗಿನಹಾಲು ಇರುವುದು ಒಂದು ಕಾರಣ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಕಸಿಯಾದವರಲ್ಲಿ ಅದು ರಕ್ತವೋ ಸೊಪ್ಪಿನ ಬಣ್ಣವೋ ಎಂಬ ಗೊಂದಲ ಬೇಡ ಎನ್ನುವುದು ಇನ್ನೊಂದು.

ನಿಮ್ಮ ವೈದ್ಯರು ಏನೇನು ಮಾಡಬಹುದು? ಮೊದಲು ಟ್ಯಾಕ್ರೊಲಿಮಸ್ ಲೆವೆಲ್, ಅಂದರೆ ರಕ್ತದಲ್ಲಿ ಆ ಔಷಧ ಎಷ್ಟಿದೆ ಎಂದು ನೋಡುತ್ತಾರೆ. ಆರಂಭದ ತಿಂಗಳುಗಳಲ್ಲಿ 8ರಿಂದ 10ರ ಆಸುಪಾಸು ಇಟ್ಟದ್ದನ್ನು ಮುಂದೆ 5ರಿಂದ 8ಕ್ಕೆ ಇಳಿಸುವುದು ಸಾಮಾನ್ಯ ರೂಢಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಲೆವೆಲ್ 11 ಇದ್ದರೆ ಇಳಿಸಲು ಜಾಗವಿದೆ, 6 ಇದ್ದರೆ ಇಲ್ಲ. ನೀವು ಮನೆಯಲ್ಲಿ ಕುಳಿತು ಅರ್ಧ ಮಾಡಬಾರದು ಅನ್ನುವುದು ಇದಕ್ಕೇ, ಎಷ್ಟು ಜಾಗವಿದೆ ಎಂದು ಲೆವೆಲ್ ನೋಡದೆ ಯಾರೂ ಹೇಳಲಾರರು. ಈ ರಕ್ತವನ್ನು ರಾತ್ರಿಯ ಮಾತ್ರೆಯಾಗಿ ಸರಿಯಾಗಿ 12 ಗಂಟೆಗೆ, ಬೆಳಗಿನ ಮಾತ್ರೆ ನುಂಗುವ ಮೊದಲು ಕೊಡಬೇಕು. ವಿರಾಜಪೇಟೆಯಿಂದ ಮೈಸೂರಿಗೆ ಎರಡೂವರೆ ಮೂರು ಗಂಟೆಯ ದಾರಿ. ಬೆಳಿಗ್ಗೆ ಆರಕ್ಕೆ ಹೊರಡುವ ಗಡಿಬಿಡಿಯಲ್ಲಿ ಮಾತ್ರೆ ನುಂಗಿಸಿ, ಒಂಬತ್ತಕ್ಕೆ ರಕ್ತ ಕೊಟ್ಟರೆ ಲೆವೆಲ್ ಇರುವುದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಅದನ್ನು ನಂಬಿ ಪ್ರಮಾಣ ಇಳಿಸಿದರೆ ಕಿಡ್ನಿಗೆ ಅಪಾಯ. ಹಿಂದಿನ ರಾತ್ರಿ 9ಕ್ಕೆ ನುಂಗಿ, ಬೆಳಗಿನದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, 9ಕ್ಕೆ ರಕ್ತ ಕೊಟ್ಟ ಮೇಲೆ ಅಲ್ಲೇ ನುಂಗಲಿ. ಅಂಗಡಿಯವರು ಬೇರೆ ಕಂಪನಿಯ ಟ್ಯಾಕ್ರೊಲಿಮಸ್ ಕೊಟ್ಟರೆ ವೈದ್ಯರಿಗೆ ತಿಳಿಸದೆ ಶುರು ಮಾಡಬೇಡಿ. ಕಂಪನಿ ಬದಲಾದರೆ ಲೆವೆಲ್ ಮತ್ತೆ ನೋಡಬೇಕಾಗುತ್ತದೆ.

ಎರಡನೆಯದು ಪ್ರೆಡ್ನಿಸೊಲೋನ್. ಐದು ತಿಂಗಳಿಗೆ 10 ಮಿ.ಗ್ರಾಂ. ಇದೆ, ಬಹಳಷ್ಟು ಕಡೆ ಈ ಹೊತ್ತಿಗೆ 5ಕ್ಕೆ ಬಂದಿರುತ್ತದೆ. ಇನ್ನೂ 10 ಇರುವುದಕ್ಕೆ ನಿಮ್ಮ ವೈದ್ಯರ ಬಳಿ ಕಾರಣವಿರಬಹುದು, ಕೇಳಿ ತಿಳಿದುಕೊಳ್ಳಿ. ಪೂರ್ತಿ ನಿಲ್ಲಿಸುವುದರಲ್ಲಿ ತಿರಸ್ಕಾರದ ಅಪಾಯವಿದೆ. ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಏಕಾಏಕಿ ಬಿಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಕಂಟಕ. ಕೊನೆಗೂ ಶುಗರ್ ಹತೋಟಿಗೆ ಬರದಿದ್ದರೆ ಟ್ಯಾಕ್ರೊಲಿಮಸ್ ಬದಲು ಸೈಕ್ಲೊಸ್ಪೊರಿನ್ ಕೊಡುವುದುಂಟು. ಕೆಲವರಲ್ಲಿ ಇದರಿಂದ ಶುಗರ್ ಹಿಮ್ಮೆಟ್ಟುತ್ತದೆ, ಆದರೆ ಕಿಡ್ನಿಯ ರಕ್ಷಣೆ ತುಸು ಸಡಿಲವಾಗುವುದರಿಂದ ಎಲ್ಲರಿಗೂ ಹೊಂದದು.

ಮಧ್ಯಾಹ್ನ 268 ಇರುವವರಿಗೆ ಇನ್ಸುಲಿನ್ ಬರೆದರೆ ಹೆದರಬೇಡಿ. ಈ ಹಂತದಲ್ಲಿ ದಣಿದ ಬೀಟಾ ಕಣಗಳಿಗೆ ವಿಶ್ರಾಂತಿ ಕೊಡುವ ಔಷಧ ಅದು, ಒಮ್ಮೆ ಶುರುವಾದರೆ ಬಿಡಲಾಗುವುದಿಲ್ಲ ಎಂಬ ನಂಬಿಕೆ ತಪ್ಪು. ಆದರೆ ಯಾವ ಇನ್ಸುಲಿನ್, ಯಾವ ಹೊತ್ತಿಗೆ ಎಂಬುದು ಇಲ್ಲಿ ಬಹಳ ಮುಖ್ಯ. ಮಲಗುವಾಗ ಕೊಡುವ, 24 ಗಂಟೆ ಒಂದೇ ಸಮನೆ ಕೆಲಸ ಮಾಡುವ ಇನ್ಸುಲಿನ್ ಇವರಿಗೆ ಕೊಟ್ಟರೆ ಮಧ್ಯಾಹ್ನದ ಏರು ಹಾಗೇ ಉಳಿದು, ಬೆಳಗಿನ ಜಾವ 4ಕ್ಕೆ ಶುಗರ್ 55ಕ್ಕೆ ಕುಸಿಯುವ ಸಂಭವವಿದೆ. ಹೆಚ್ಚು ಹೊಂದುವುದು ಹಾಲಿನಂತೆ ಬೆಳ್ಳಗೆ ಕಾಣುವ ಎನ್‌ಪಿಎಚ್ ಇನ್ಸುಲಿನ್, ಬೆಳಿಗ್ಗೆ ಪ್ರೆಡ್ನಿಸೊಲೋನ್ ಜೊತೆಯಲ್ಲೇ. ಅದರ ಜೋರೂ ನಾಲ್ಕು ಗಂಟೆಯ ನಂತರವೇ, ಇಳಿಯುವುದೂ ಸ್ಟೀರಾಯ್ಡ್ ಇಳಿಯುವ ಹೊತ್ತಿಗೇ. ವೈದ್ಯರು ಲೆಕ್ಕ ಶುರು ಮಾಡುವುದು ಪ್ರೆಡ್ನಿಸೊಲೋನ್‌ನ ಪ್ರತಿ 10 ಮಿ.ಗ್ರಾಂ.ಗೆ ಕೆ.ಜಿ.ಗೆ 0.1 ಯೂನಿಟ್ ಎಂದು. 60 ಕೆ.ಜಿ.ಯವರಿಗೆ 6 ಯೂನಿಟ್ ಆಗುತ್ತದೆ. ಕ್ರಿಯಾಟಿನಿನ್ ಹೆಚ್ಚಿದ್ದರೆ ಇನ್ನೂ ಕಡಿಮೆ. ಪ್ರೆಡ್ನಿಸೊಲೋನ್ 10ರಿಂದ 5ಕ್ಕೆ ಇಳಿದ ದಿನ ಇನ್ಸುಲಿನ್ ಕೂಡ ಇಳಿಯಬೇಕು. ಸ್ಟೀರಾಯ್ಡ್ ಇಳಿಸಿ ಇನ್ಸುಲಿನ್ ಚೀಟಿ ಬದಲಿಸಲು ಮರೆತಾಗಲೇ ಶುಗರ್ ಕುಸಿದು ತೋಟದಲ್ಲಿ ತಲೆತಿರುಗಿ ಬೀಳುವುದು.

ಬಾಟಲಿಯನ್ನು ಕುಲುಕಬಾರದು. ಎರಡು ಅಂಗೈಗಳ ನಡುವೆ ಇಪ್ಪತ್ತು ಸಲ ಮೆಲ್ಲಗೆ ಉರುಳಿಸಿ, ತಳದ ಬಿಳಿ ಪೂರ್ತಿ ಬೆರೆತ ಮೇಲೆ ಎಳೆಯಿರಿ. ಬಾಟಲಿಯ ಮೇಲೆ 40 ಯೂನಿಟ್ ಎಂದಿದ್ದರೆ ಕೆಂಪು ಟೋಪಿಯ ಸಿರಿಂಜ್, 100 ಎಂದಿದ್ದರೆ ಕಿತ್ತಳೆ ಬಣ್ಣದ ಟೋಪಿಯ ಸಿರಿಂಜ್. ಅದಲುಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೂ ಚಿಂತೆ ಬೇಡ, ಬಳಸುತ್ತಿರುವ ಬಾಟಲಿ ಕೊಡಗಿನ ತಂಪಿನಲ್ಲಿ ನಾಲ್ಕು ವಾರ ಹೊರಗೇ ಇರಬಹುದು. ಒಲೆಯ ಬಳಿ ಇಡಬೇಡಿ, ಫ್ರೀಜರಿನಲ್ಲಂತೂ ಇಡಲೇಬೇಡಿ.

ಶುಗರ್ ಇಳಿಸುವ ಮಾತ್ರೆಗಳಲ್ಲಿ ಲಿನಾಗ್ಲಿಪ್ಟಿನ್ ಕಿಡ್ನಿಯ ಶಕ್ತಿ ಎಷ್ಟಿದ್ದರೂ ಪ್ರಮಾಣ ಬದಲಿಸದೆ ಕೊಡಬಹುದಾದದ್ದು. ಮೆಟ್‌ಫಾರ್ಮಿನ್ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 45ಕ್ಕಿಂತ ಮೇಲಿದ್ದರೆ ಸರಿ, 30ರಿಂದ 45ರ ನಡುವೆ ಅರ್ಧ, 30ರ ಕೆಳಗೆ ಬೇಡ. ಗ್ಲಿಬೆನ್‌ಕ್ಲಮೈಡ್ ಬೇಡವೇ ಬೇಡ. ಗ್ಲಿಮೆಪಿರೈಡ್ ಕೊಟ್ಟಿದ್ದರೆ ಒಂದು ಎಚ್ಚರ: ನ್ಯುಮೋನಿಯಾ ತಡೆಯಲು ಕಸಿಯಾದವರಿಗೆ ಕೊಡುವ ಕೋಟ್ರೈಮೊಕ್ಸಜೋಲ್ ಅದರ ಜೊತೆ ಸೇರಿದರೆ ಶುಗರ್ ತೀರಾ ಇಳಿಯಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್ ಬಳಗ ಕಿಡ್ನಿಗೂ ಹೃದಯಕ್ಕೂ ಒಳ್ಳೆಯದೇ. ಆದರೂ ಕಸಿಯಾದ ಮೊದಲ ತಿಂಗಳುಗಳಲ್ಲಿ ಮೂತ್ರದ ಸೋಂಕಿನ ಭಯವಿರುವುದರಿಂದ ಕಾದು ಕೊಡುವುದು ಮೇಲು.

ಊಟದಲ್ಲಿ ಗುರಿ ಇಡಬೇಕಾದದ್ದು ಮಧ್ಯಾಹ್ನದ ತಟ್ಟೆಗೆ. 50 ಗ್ರಾಂ ಅಕ್ಕಿಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಪಿಷ್ಟವಿದೆ. ಅಕ್ಕಿ ರೊಟ್ಟಿ, ನೂಪುಟ್ಟು ಬೆಳಗಿನ ತಿಂಡಿಗೆ ಇರಲಿ, ಆಗ ಸ್ಟೀರಾಯ್ಡ್ ಇನ್ನೂ ಎದ್ದಿರುವುದಿಲ್ಲ. ಜೇನು ಹಚ್ಚಬೇಡಿ. ಮಧ್ಯಾಹ್ನ ಅನ್ನ ಎಂದಿನದರ ಅರ್ಧ, ಉಳಿದ ಜಾಗಕ್ಕೆ ಪಲ್ಯ, ಮೊಟ್ಟೆ ಅಥವಾ ಮೀನು. ಪಂದಿ ಕರಿ ಪೂರ್ತಿ ಬೆಂದದ್ದಾಗಿರಬೇಕು, ಕೊಬ್ಬಿನ ತುಂಡು ತೆಗೆದು ನಾಲ್ಕಾರು ತುಂಡು ಸಾಕು. ಸಂಜೆಯ ಬೆಲ್ಲದ ಕಾಫಿ ದಿನದ ಅತಿ ಕೆಟ್ಟ ಹೊತ್ತಿಗೆ ಬೀಳುತ್ತದೆ, ಬೆಲ್ಲವಿಲ್ಲದೆ ಅಭ್ಯಾಸ ಮಾಡಿಕೊಳ್ಳಲಿ. ಪುತ್ತರಿಯ ತಂಬುಟ್ಟು ಒಂದು ಚಮಚ ಪ್ರಸಾದದಂತೆ. ಊಟವಾದ ಮೇಲೆ ತೋಟದಲ್ಲಿ 20 ನಿಮಿಷ ನಡೆದರೆ ಸ್ನಾಯುಗಳು ಇನ್ಸುಲಿನ್ ಕೇಳದೆಯೇ ಸಕ್ಕರೆ ಎಳೆದುಕೊಳ್ಳುತ್ತವೆ. ಎಳನೀರಿನ ಪೊಟ್ಯಾಸಿಯಂ ಬಗ್ಗೆ ಮಾತ್ರ ಎಚ್ಚರ, ಟ್ಯಾಕ್ರೊಲಿಮಸ್ ಅದನ್ನೂ ಏರಿಸುತ್ತದೆ.

ಜೀವನಪೂರ್ತಿಯೇ ಎಂದು ಕೇಳಿದ್ದೀರಿ. ಪ್ರೆಡ್ನಿಸೊಲೋನ್ 5ಕ್ಕೆ ಬಂದು ಟ್ಯಾಕ್ರೊಲಿಮಸ್ ಲೆವೆಲ್ ಇಳಿದಾಗ ಕೆಲವರಿಗೆ ಇನ್ಸುಲಿನ್ ಪೂರ್ತಿ ನಿಂತುಹೋಗುತ್ತದೆ, ಕೆಲವರಿಗೆ ಒಂದು ಮಾತ್ರೆಯಲ್ಲಿ ಸಾಗುತ್ತದೆ, ಉಳಿದವರಿಗೆ ಮಧುಮೇಹ ಉಳಿಯುತ್ತದೆ. ಖಾಲಿಹೊಟ್ಟೆಯ ಅಂಕಿ 104ರಲ್ಲೇ ಇರುವುದು ನಿಮ್ಮ ಯಜಮಾನರ ಮಟ್ಟಿಗೆ ಒಳ್ಳೆಯ ಸೂಚನೆ, ಬೀಟಾ ಕಣಗಳಲ್ಲಿ ಶಕ್ತಿ ಇದೆ ಎಂದರ್ಥ. ಇಳಿದರೂ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬಾರದು.

ಕೊನೆಯದಾಗಿ ಮಳೆಗಾಲದ ಭೇದಿ. ಭೇದಿಯಾದಾಗ ಔಷಧವೂ ಹೊರಗೆ ಹೋಗುತ್ತದೆ ಎಂದು ಜನ ಎಣಿಸುತ್ತಾರೆ. ಟ್ಯಾಕ್ರೊಲಿಮಸ್ ವಿಷಯದಲ್ಲಿ ಆಗುವುದು ತಿರುಗಾಮುರುಗಾ. ಊದಿಕೊಂಡ ಕರುಳು ಅದನ್ನು ಒಡೆಯಲಾರದೆ ರಕ್ತದಲ್ಲಿ ಲೆವೆಲ್ ಏರುತ್ತದೆ, ನೀರು ಕಳೆದು ಕ್ರಿಯಾಟಿನಿನ್ ಏರುತ್ತದೆ, ಶುಗರೂ ಏರುತ್ತದೆ. ಆ ದಿನಗಳಲ್ಲಿ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ನಿಲ್ಲಿಸಿ, ಪ್ರೆಡ್ನಿಸೊಲೋನ್ ನಿಲ್ಲಿಸಬೇಡಿ, ಟ್ಯಾಕ್ರೊಲಿಮಸ್ ಎಷ್ಟು ಎಂದು ಫೋನ್ ಮಾಡಿ ಕೇಳಿ. ಘಾಟಿಯ ರಸ್ತೆ ಮುಚ್ಚಿದರೂ ಕೈಯಲ್ಲಿರುವಂತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನದ ಮಾತ್ರೆ ಹೆಚ್ಚುವರಿ ಇಟ್ಟುಕೊಳ್ಳಿ. ಎರಡು ಸಲ 300 ದಾಟಿದರೆ, ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಮುಖದ ಒಂದು ಬದಿ ಊದಿಕೊಂಡು ಮೂಗಿನಿಂದ ಕಪ್ಪು ಸ್ರಾವ ಬಂದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಬಾಗಿಲಲ್ಲೇ ಮೊದಲು ಹೇಳಬೇಕಾದ ಮಾತು: "ಇವರಿಗೆ ಕಿಡ್ನಿ ಕಸಿಯಾಗಿದೆ, ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಾರೆ." ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಬರೆಯುವ ಮೊದಲು ಮೈಸೂರಿನ ವೈದ್ಯರಿಗೆ ಫೋನ್ ಮಾಡಿ ಎಂದು ಕೇಳಿಕೊಳ್ಳಿ, ಎರಡೂ ಲೆವೆಲ್ ಏರಿಸುವ ಔಷಧಗಳೇ.